ಆರನೇ ರಕಾನೆ

ಗೇಟಿನ ವಹಿಯೊಳಗ ಏಳು ರಕಾನೆ.
ಹೆಸರು, ಊರು, ಬಂದ ಹೊತ್ತು, ಹೋದ ಹೊತ್ತು,
ಯಾರನ್ನ ನೋಡಾಕ,
ಅವರಿಗಿ ನೀವು ಏನಾಗಬೇಕು,
ಸಹಿ.

ನಾ ನೀಲಗಂಗಾ, ಅಕ್ಕಲಕೋಟಿ ಕಡಿಯಾಕಿ,
ಪುಣೇದಾಗ ಹದಿನಾಲ್ಕು ವರ್ಷ ಇದ ಗೇಟು.
ಎಡಕ್ಕ ಜೇಲಿನ ಗ್ವಾಡಿ, ಬಲಕ್ಕ ಹುಚ್ಚರ ದವಾಖಾನಿ,
ನಡುವಿನ ನಮ್ಮ ಕಟ್ಟಡಕ್ಕ ಹೆಸರಿಲ್ಲ,
ರಿಕ್ಷಾದವ್ರಿಗಿ ಬರೇ ಕೈ ಮಾಡಿ ತೋರಸಬೇಕು.

ಒಳಗಿನಾಂವನ ಶಿಕ್ಷಾ ಮುಗದು ಎಂಟು ವರ್ಷಾತು.
ಜೇಲಿನವ್ರು ಅಂದ್ರು: ಹತ್ತು ತುಂಬ್ಯಾವ, ಇನ್ನ ನಮ್ಮಾಂವಲ್ಲ.
ಡಾಕ್ಟರು ಅಂದ್ರು: ರೋಗ ಇಲ್ಲ, ಇರಬಹುದು, ಔಷಧ ಅಂತೂ ಇಲ್ಲ.
ಕೋರ್ಟಿನವ್ರು ಬರದ್ರು: ಮುಂದಿನ ಆದೇಶದತನ.
ಮುಂದಿನ ಆದೇಶ ಇನ್ನೂ ಮುಂದನ ಅದ.

ಕಾಯ್ದೆ ನನಗ ತಿಳೀದು. ತಿಳದದ್ದು ಇಷ್ಟ:
ಆದದ್ದಕ್ಕ ಕೀಲಿ ಹಾಕೂದು ಜೇಲು,
ಆಗಬಹುದಾದ್ದಕ್ಕ ಕೀಲಿ ಹಾಕೂದು ನಾವು.
ಇನ್ನೂ ಆಗದ ಇದ್ದದ್ದು ಎಷ್ಟು ಉದ್ದ ಇರತದ,
ಎಷ್ಟು ಅಗಲದ ಬಾಗಲಾ ಬೇಕು ಅದಕ್ಕ
ಅಂತ ಕೇಳಿದ್ರ ಸಾಹೇಬ್ರು ಚಹಾ ತರಾಕ ಕಳಸ್ತಾರ.

ಆರು ತಿಂಗಳಿಗೊಮ್ಮೆ ಮಂಡಳಿ. ಮೂರು ಖುರ್ಚಿ, ಒಂದು ಫ್ಯಾನು.
ಆಂವ ಬಿಳೇ ಅಂಗಿ ತೊಟ್ಟು, ತಲಿಗಿ ಎಣ್ಣಿ ಹಚ್ಚಿ ಬರತಾನ,
ಹೆಣ್ಣು ನೋಡಾಕ ಹೊಂಟಾಂವನಂಗ.
ಹಂಗ ಅನಬಾರದಿತ್ತು ನಾ.
ಹತ್ತು ನಿಮಿಷ. 'ಅಪಾಯ ಅದ.' ಸಹಿ.
ಅಂಗಿ ಮತ್ತ ಮಡಚಿ ದಿಂಬಿನ ಬುಡಕ.
ಒಂದಿನ ಪಾಪ ಅನಿಸ್ತು.
ಅನಿಸಿದ್ದಕ್ಕ ಮನಿಗಿ ಹೋಗಿ
ಮಗಳ ಜಡಿ ಎರಡು ಸಲ ಬಿಚ್ಚಿ ಹೆಣದೆ.

ಆ ಹುಡುಗಿ ಅವ್ವ ಬರತಿದ್ಲು, ವರ್ಷಕ್ಕೊಮ್ಮೆ, ಶ್ರಾವಣದಾಗ.
ಯಾರನ್ನೂ ನೋಡಾಕಲ್ಲ.
"ಕೀಲಿ ಅಲಗಾಡಿಸಿ ತೋರಸ್ರಿ" ಅಂತಿದ್ಲು ಮರಾಠಿಯೊಳಗ,
ನಾ ಅಲಗಾಡಸ್ತಿದ್ದೆ.
ಕಬ್ಬಿಣಕ್ಕ ಕಬ್ಬಿಣ ಬಡದು ಖಣ್ ಅಂತಿತ್ತು,
ಆಕಿ ಕಣ್ಣು ಮುಚ್ಚಿ, ಗುಡಿ ಗಂಟಿ ಕೇಳಿದಂಗ ಕೇಳಿ
ನನ್ನ ಕೈಯಾಗ ಒಂದು ನಿಂಬಿಹಣ್ಣು ಇಟ್ಟು ಹೋಗತಿದ್ಲು.
ಅದು ಸಾಮಾನು ಕೋಣಿ ಕೀಲಿ.
ಖರೇ ಕೀಲಿ ಮೂರು ಬಾಗಲಾ ಒಳಗ ಅದ,
ಅಲ್ಲಿತನ ನನ್ನ ಬಿಡಂಗಿಲ್ಲ.

ಈ ವರ್ಷ ಹುಡುಗಿನ ಬಂದ್ಲು.
ಹೆಸರು ನಾ ಹೇಳಂಗಿಲ್ಲ, ಕಾಯ್ದೆನೂ ಹೇಳಬ್ಯಾಡ ಅಂತದ.
ಇಪ್ಪತ್ತಾರು ಇರಬೇಕು. ಕೊರಳಾಗ ಯಾವುದೋ ಲ್ಯಾಬಿನ ಗುರುತಿನ ಚೀಟಿ.
ವಹಿ ತಿರುವಿ ಕೊಟ್ಟೆ.
ಆಂವನ ಹೆಸರು ಒಂದಕ್ಷರ ತಪ್ಪದಂಗ ಬರದ್ಲು.
ಆರನೇದಕ್ಕ ಬಂದು ಪೆನ್ನು ನಿಂತಿತು.
ಗ್ಯಾಸಿನ ಟೆಂಪೊ ಹೋತು, ಅದರ ಬೆನ್ನಿಗೆ ನಾಯಿ ಹೋತು,
ಪೆನ್ನು ಮಾತ್ರ ನಿಂತ ಇತ್ತು.

"ಕೀಲಿ ಅಲಗಾಡಸಲೇನು?" ಅಂದೆ.
"ಬ್ಯಾಡ ಮಾವಶಿ. ಈ ಕಡಿ ಕೆಲಸ ಸಿಕ್ಕದ,
ದಿನಾ ಇದ ಸ್ಟಾಪಿನಾಗ ಬಸ್ಸು ಬದಲಿಸಬೇಕು.
ನಿಂದರಾಕ ಆಗತದೋ ಇಲ್ಲೋ ನೋಡಾಕ ಬಂದೆ."

ಹೋಗಿ ನಿಂತ್ಲು, ಗೇಟಿಗೆ ಬೆನ್ನು ಮಾಡಿ.
ವಿಶ್ರಾಂತವಾಡಿ ಬಸ್ಸು ಬಂತು, ಹತ್ತಲಿಲ್ಲ.
ಮತ್ತೊಂದು ಬಂತು. ಹೆಗಲಿನ ಚೀಲ
ಆ ಹೆಗಲಿಂದ ಈ ಹೆಗಲಿಗೆ ಬಂತು, ಅಷ್ಟ.
ಅಷ್ಟರಾಗ ನನ್ನ ಪಾಳಿ ಮುಗೀತು.
ವಹಿ ಹಂಗ ತೆರದಿಟ್ಟು,
ಹೋದ ಹೊತ್ತು ಖಾಲಿ, ಆರನೇದು ಖಾಲಿ,
ನಾಳಿ ಸಾಹೇಬ್ರು ಬೈತಾರ, ಬೈಲಿ,
ಹೋಗಿ ಆಕಿ ಬಾಜೂ ನಿಂತೆ.
ಅವ್ವ ಯಾಕ ಬರಲಿಲ್ಲ ಅಂತ ಕೇಳಲಿಲ್ಲ,
ಸಾಮಾನು ಕೋಣಿ ಸಂಗ್ತಿ ಬಾಯಿತನ ಬಂದು ತಿರುಗಿ ಹೋತು.

ಮೂರನೇ ಬಸ್ಸು.
ಕಂಡಕ್ಟರ ಕೇಳಿದ: "ಇಬ್ಬರೂ ಕೂಡೇನು?"
ಆಕಿ ಎರಡು ಬೆರಳು ತೋರಿಸಿದ್ಲು.