ವೇಬ್ರಿಜ್ಜಿನಲ್ಲಿ ಮೂರು ಡಿಸ್ಕು

ಕೆರಗೋಡು ರಸ್ತೆಯ ವೇಬ್ರಿಜ್ಜಿನಿಂದ ಫೋನು,
ರಾತ್ರಿ ಹನ್ನೊಂದೂಮುಕ್ಕಾಲು.
"ಪಿರೋಜಕ್ಕ, ಕಂಪ್ಯೂಟ್ರು ಕಣ್ ಬುಡ್ತಾಯಿಲ್ಲ.
ನಾಲೆ ಏರಿ ತನ್ಕ ಗಾಡಿ ನಿಂತವೆ."
ಬಿಲ್ಲಿನ ಮೇಲೆ ನಾನು ಫಿರೋಜಾ ಬಾನು.
ನಿಂಗರಾಜು ಕೂಗಿದರೂ ತಿರುಗುತ್ತೇನೆ.
ಚೀಲದಲ್ಲಿ ಪೆನ್‌ಡ್ರೈವು, ಸ್ಕ್ರೂಡ್ರೈವರು,
ಒಂದು ಪೊಟ್ಟಣ ಕಡಲೆಕಾಯಿ.

ಕರಿ ಪರದೆ. ಬಿಳಿ ಅಕ್ಷರದ ಒಂದೇ ದೂರು:
ಅಂಥ ಪಾರ್ಟಿಶನ್ನು ಇಲ್ಲ.
ಕೆಳಗೆ ಗ್ರಬ್ ರೆಸ್ಕ್ಯೂ, ಪಕ್ಕದಲ್ಲಿ ಸಣ್ಣ ಗೆರೆ,
ಅರ್ಧ ಬಾಗಿಲು ತೆರೆದು
ಯಾರು ಬೇಕಿತ್ತು ಎಂದು ನಿಂತ ಹಾಗೆ.

"ಏನ್ ಮುಟ್ಟಿದ್ರಿ?"
"ಏನೂ ಇಲ್ಲ."
ಎಲ್ಲರೂ ಹೇಳುವುದು ಅದನ್ನೇ.
ಮುಚ್ಚಳ ಬಿಚ್ಚಿದೆ: ಧೂಳು, ಕಬ್ಬಿನ ತರಗು, ಒಣಗಿದ ಜಿರಲೆ,
ಇಬ್ಬರಿದ್ದ ಮನೆಯಲ್ಲಿ ಮೂರನೆಯದೊಂದು,
ಹೊಸ ಲೇಬಲ್ಲು ಹೊಳೆಯುತ್ತಿದೆ.
"ಓ ಅದಾ? ಕ್ಯಾಮೆರಾದೋನು ಸಂಜೆ ಇಕ್ಕ್‌ಬುಟ್ಟು ಹೋದ."

ಅವನು ಕೇಬಲ್ಲು ಕಿತ್ತಿದ್ದಾನೆ, ಅದಲುಬದಲು ಸಿಕ್ಕಿಸಿದ್ದಾನೆ.
ಈಗ ಮೊದಲ ಮಾತು ಹಳೆಯ ಡಿಸ್ಕಿನದು.
ಅದನ್ನು ತೂಕದ ಲೆಕ್ಕ ಇಡಲು ಮೂಲೆಗೆ ಕೂರಿಸಿದ್ದೆವು,
ಒಳಗೋಡೆ ಒಡೆದು ಹೊಸದು ಕಟ್ಟಿದ್ದೆವು,
ತಲೆಯೊಳಗಿನ ಹಳೇ ವಿಳಾಸ ಒರೆಸಲಿಲ್ಲ.
ಕೇಳಿದವರನ್ನೆಲ್ಲ ಅದು
ಇಲ್ಲದ ಕೋಣೆಗೆ ಕಳಿಸುತ್ತಿದೆ.
ಆ ಹುಡುಗನನ್ನು ನಿಂಗರಾಜು ಬೈದ. ನಾನೂ ದನಿಗೂಡಿಸಿದೆ.

ಯಾರ್ಯಾರು ಇದ್ದೀರಿ ಎಂದೆ. ಸಾಲಾಗಿ ಹೇಳಿತು.
ಡಿಸ್ಕುಗಳನ್ನು ಸೊನ್ನೆಯಿಂದ ಎಣಿಸುತ್ತದೆ ಇದು,
ಅವುಗಳ ಭಾಗಗಳನ್ನು ಒಂದರಿಂದ.
ನಗಬೇಡಿ. ಮಂಡಿಯಲ್ಲಿ ರಾಗಿ ಅಳೆಯುವಾಗ ನಮ್ಮಪ್ಪ
ಮೊದಲ ಸೇರಿಗೆ ಒಂದು ಎನ್ನುತ್ತಿರಲಿಲ್ಲ,
ಲಾಭ ಎನ್ನುತ್ತಿದ್ದ, ಆಮೇಲೆ ಎರಡು.

ಸೊನ್ನೆ: ಹಳಬ, ಲೆಕ್ಕದ ಪುಸ್ತಕ.
ಒಂದು: ಕ್ಯಾಮೆರಾದ್ದು, ಒಳಗೆ ಗೋಡೆಯೇ ಎದ್ದಿಲ್ಲ.
ಎರಡು: ಬೂಟ್ ಎಂಬ ಕೋಣೆ,
ಒಳಗೆ ಎಲ್ಲ ಇಟ್ಟಲ್ಲೇ ಇತ್ತು.
ಬೇರು ಇಲ್ಲಿದೆ ಎಂದು ಬೆರಳಿಟ್ಟು ತೋರಿಸಿದೆ.
ನಾಲೆಗೆ ನೀರು ಬಿಟ್ಟ ಹಾಗೆ
ಸಾಲು ಸಾಲು ಅಕ್ಷರ ಹರಿದು ಬಂತು.
ನಿಂಗರಾಜು ಚಪ್ಪಾಳೆ ಹೊಡೆದ.

ನಿಂತಿತು.
ಯಾರಿಗೋ ಕಾಯುತ್ತಿದೆ, ತೊಂಬತ್ತು ಸೆಕೆಂಡು,
ಒಂದೊಂದೇ ಎಣಿಸಿಕೊಂಡು.
ಬರಬೇಕಾದವರು ಬರಲಿಲ್ಲ.

ಹೊರಗೆ ಜಗಳ. ಎತ್ತಿಗೆ ನೀರು ಕುಡಿಸಲು ಹೋದ ಜವರಾಯಿ
ಐದನೇ ಟೋಕನ್ನು ಕಳೆದುಕೊಂಡಿದ್ದಾನೆ,
ಬಾಲದ ಕಡೆ ನಿಲ್ಲು ಅನ್ನುತ್ತಾರೆ.
"ಎತ್ತಿನ ಕೊಂಬ್ ನೋಡ್ಲಾ! ಎಡಗೊಂಬು ನೀಲಿ, ಬಲಗೊಂಬು ಮುರಿದದೆ.
ಈ ಸೀಮೇಲಿ ಇಂಥವು ಇನ್ಯಾರ್ದವೆ?"

ಕಡತ ತೆರೆದೆ.
ಲೆಕ್ಕದ ಡಿಸ್ಕಿಗೆ ಅಲ್ಲಿ ಬರೆದ ಹೆಸರು: ಎಸ್‌ಡಿಬಿ ಒಂದು.
ಅದು ಹೆಸರಲ್ಲ, ಬಂದ ಸರದಿ.
ಇವತ್ತು ಆ ಸರದಿಯಲ್ಲಿ ಕ್ಯಾಮೆರಾ ಕೂತಿದೆ.
ಸಾಲಿನ ಮೇಲೆ ಒಂದು ಟಿಪ್ಪಣಿ,
ಐದು ವರ್ಷ ಹಳೆಯದು:
ಆಮೇಲೆ ಸರಿಮಾಡು. ಫಿ.

ಅವತ್ತೂ ಗಾಡಿ ನಿಂತಿದ್ದವು.
ಅವತ್ತೂ ನಿಂಗರಾಜು ಬೆನ್ನ ಹಿಂದೆ ಉಸಿರು ಬಿಡುತ್ತಿದ್ದ.

ಡಿಸ್ಕಿನ ಹುಟ್ಟುಹೆಸರು ಕೇಳಿ ಬರೆದುಕೊಂಡೆ,
ಮೂವತ್ತೆರಡು ಅಕ್ಷರ, ನಡುವೆ ನಾಲ್ಕು ಗೆರೆ,
ಕರೆಯಲು ಯಾರಿಗೂ ಬಾರದ್ದು.
ಎಸ್‌ಡಿಬಿ ಅಳಿಸಿ ಅದನ್ನಿಟ್ಟೆ.
ಹಳಬನ ಮೊದಲ ಮಾತು ಕಿತ್ತು ಸರಿಯಾದವನಿಗೆ ಕೊಟ್ಟೆ.
ಕ್ಯಾಮೆರಾ ಕಿತ್ತು ಎಬ್ಬಿಸಿದೆ, ಎದ್ದಿತು.
ಕೇಬಲ್ಲು ತಿರುಗಾಮುರುಗಾ ಮಾಡಿ ಎಬ್ಬಿಸಿದೆ, ಎದ್ದಿತು.
ಆಮೇಲೆ ಆ ಟಿಪ್ಪಣಿ ಅಳಿಸಿದೆ.

ಎರಡೂಕಾಲಿಗೆ ಖಾಲಿ ತಟ್ಟೆ ಸೊನ್ನೆ ತೋರಿಸಿತು.
ಮೊದಲು ಹತ್ತಿದ್ದು ನೀಲಿ ಕೊಂಬಿನ ಗಾಡಿ,
ಯಾರು ಬಿಟ್ಟರೋ ಗೊತ್ತಿಲ್ಲ.
ಎರಡು ಸಾವಿರದ ಮುನ್ನೂರ ನಲವತ್ತು.
"ಆ ಕ್ಯಾಮೆರಾದೋನ್ದೇ ತಪ್ಪು, ಅಲ್ವಾ ಅಕ್ಕ?
ಅವನ ದುಡ್ಡಲ್ಲೇ ಮುರ್ಕೊಂಡು ನಿಮಗೆ ಕೊಡ್ತೀನಿ."

ನಾನು ಕಡಲೆಕಾಯಿ ಬಿಡಿಸುತ್ತಿದ್ದೆ.
ಒಂದು ಕಾಯಲ್ಲಿ ಮೂರು ಬೀಜ.