ಶೇಷ

ಲಿಯೆಪಾಯದ ಬಂದರು ಹೆಪ್ಪುಗಟ್ಟುವುದಿಲ್ಲ,
ಶಾಲೆಯ ಕೊಳಾಯಿ ಕಟ್ಟುತ್ತದೆ.
ಅದಕ್ಕೇ ರಜೆಯಲ್ಲೂ ಬಾಯ್ಲರಿಗೆ ಕಲ್ಲಿದ್ದಲು ಸುರಿಯುವವಳು ನಾನು.
ಮೇಲಿನ ಕೋಣೆಯಲ್ಲಿ ತಾಲಿವಾಲ್ಡಿಸ್ ಮೇಷ್ಟ್ರ ಯಂತ್ರ.
‘ಆರಿಸಬೇಡ ಜಿಂತ್ರಾ, ಎಣಿಸುತ್ತಿದೆ’
ಎಂದೊಂದು ಚೀಟಿ.
ಒದ್ದೆ ಕೈಗವಸನ್ನು ದಿನವೂ
ಅದರ ಬಿಸಿ ಬೆನ್ನ ಮೇಲೆ ಒಣಹಾಕುತ್ತಿದ್ದೆ.

ನಾಲ್ಕರಿಂದ ಶುರುವಂತೆ. ವರ್ಗ ಮಾಡು, ಎರಡು ಕಳೆ,
ಭಾಗಿಸು, ಮಿಕ್ಕದ್ದನ್ನೇ ಮತ್ತೆ ವರ್ಗ ಮಾಡು,
ಕೋಟಿಗಟ್ಟಲೆ ಸಲ.
ಕೊನೆಗೆ ಏನಾದರೂ ಮಿಕ್ಕೇ ಮಿಗುತ್ತದೆ.
ಹನ್ನೊಂದು ವರ್ಷ ಮಿಕ್ಕಿದೆ.

ಜನವರಿ ಎರಡು, ಕಸ ಹೊಡೆಯಲು ಹೋದರೆ
ಪರದೆಯ ಮೇಲೆ ಬರೀ ಸೊನ್ನೆ.
ಕೆಟ್ಟಿತೆಂದು ಹೆದರಿ ಫೋನ್ ಮಾಡಿದೆ.
ಆ ಕಡೆ ಬಹಳ ಹೊತ್ತು ಉಸಿರು ಮಾತ್ರ.

ಬೂಟಿನ ಹಿಮ ಕೊಡವದೆ ಒಳಬಂದರು
(ನೆಲ ಒರೆಸಿದವಳು ನಾನು)
ಹಲಗೆಯ ಮೇಲೆ ಒಂದು, ಒಂದು, ಒಂದು ಬರೆಯುತ್ತ ಹೋದರು.
ಎರಡೇ ಅಂಕೆಯ ಲೆಕ್ಕದಲ್ಲಿ ಇದಕ್ಕೆ ಸೊನ್ನೆಯೇ ಇಲ್ಲ, ನೋಡು.
ಸೀಮೆಸುಣ್ಣ ಮುಗಿದೀತು, ಗೋಡೆ ಮುಗಿದೀತು.
ಯಾವ ಮಗ್ಗಿಗೂ ಸಿಗುವುದಿಲ್ಲ,
ಯಾರು ಪಾಲು ಕೇಳಿದರೂ
ಶೇಷ ಹೆಡೆಯೆತ್ತುತ್ತದೆ.

ಒಂದು ಕೂಡಿಸಿದರೆ? ಎಂದೆ, ಸುಮ್ಮನೆ.
ಸುಣ್ಣದ ಕೈ ಅಲ್ಲೇ ನಿಂತಿತು. ನಕ್ಕರು.
ಒಂದೇ ಒಂದು ಕೂಡಿಸು,
ಅರ್ಧ, ಅರ್ಧದರ್ಧ, ಅದರರ್ಧ,
ಒಣ ರೈ ರೊಟ್ಟಿಯ ಹಾಗೆ ಮುರಿಯುತ್ತ ಮುರಿಯುತ್ತ
ಒಂದಕ್ಕೆ ಬಂದು ನಿಲ್ಲುತ್ತದೆ.

ಅಷ್ಟರಲ್ಲಿ ಕೊಳವೆ ಕಟಕಟ ಅಂದಿತು.
ಇಳಿದು ಎರಡು ಸಲಿಕೆ ಹಾಕಿದೆ.
ಕೈಗವಸಿಗೆಂದು ಮತ್ತೆ ಹತ್ತಿ ಬಂದರೆ
ಮೇಷ್ಟ್ರು ಇನ್ನೂ ಬರೆಯುತ್ತಲೇ ಇದ್ದರು.
ಯಂತ್ರ ತಣ್ಣಗಾಗಿತ್ತು,
ಗವಸು ಒದ್ದೆ.