ನಿಲುಗಡೆ

ವಿರಾಜಪೇಟೆಯ ಪುರಭವನ, ಗುರುವಾರ.
ಹನ್ನೊಂದಕ್ಕೆ ಕರೆದ ಸಭೆ ಹನ್ನೆರಡೂಕಾಲಿಗೆ ಶುರು.
ನಡಾವಳಿ ಬರೆಯುವುದು ನನ್ನ ಕೆಲಸ.
ವಿಷಯ: ಊರಿನಿಂದ ಮೂರು ವಿಮಾನ ನಿಲ್ದಾಣಗಳಿಗೆ ವೇಗದ ರೈಲು.
ಒಂದು ಹಳಿಯನ್ನೂ ಕಾಣದ ಜಿಲ್ಲೆಗೆ
ಒಂದೇ ಏಟಿಗೆ ಮೂರು.

ಹುಬ್ಬಳ್ಳಿಯಿಂದ ಬಂದ ಎಂಜಿನಿಯರು
ಗೋಡೆಗೆ ನಕಾಶೆ ಅಂಟಿಸಿದರು.
ಮಟ್ಟನ್ನೂರಿಗೆ ನಲವತ್ತು ನಿಮಿಷ,
ಮೈಸೂರಿಗೆ ಒಂದು ಗಂಟೆ ಐದು,
ಬಜಪೆಗೆ (ಇಲ್ಲಿ ಕೆಮ್ಮಿದರು) ಲೆಕ್ಕ ನಡೆದಿದೆ.
ಮಾಕುಟ್ಟದ ಕಾಡಿನ ಮೇಲೆ ಕೆಂಪು ಗೆರೆ,
ನೆಟ್ಟಗೆ.
ಸ್ಕೇಲಿಗೆ ಏರು ಗೊತ್ತಿಲ್ಲ, ಜಾರುವ ಮಣ್ಣು ಗೊತ್ತಿಲ್ಲ.

ಮೊದಲು ಎದ್ದವರು ಅಮ್ಮತ್ತಿಯ ಬೆಳ್ಯಪ್ಪ.
"ಅಮ್ಮತ್ತಿಯಲ್ಲಿ ನಿಲ್ಲುತ್ತದೋ?"
"ಇಲ್ಲ ಸಾರ್, ಎಕ್ಸ್‌ಪ್ರೆಸ್ಸು."
"ನಿಲ್ಲದ ರೈಲಿಗೆ ನನ್ನ ತೋಟ ಯಾಕೆ?"
ಬರೆದುಕೊಂಡೆ: ಸದಸ್ಯರು ಸಲಹೆ ನೀಡಿದರು.

ಆಮೇಲೆ ಗೋಣಿಕೊಪ್ಪ ಎದ್ದಿತು, ಪಾಲಿಬೆಟ್ಟ ಎದ್ದಿತು,
ತಿತಿಮತಿ ಕುರ್ಚಿ ಹತ್ತಿ ನಿಂತಿತು.
ಎಂಜಿನಿಯರು ಮರ್ಯಾದಸ್ಥರು. ಪ್ರತಿ ಹೆಸರಿಗೂ
ಪೆನ್ಸಿಲಿನಲ್ಲಿ ಒಂದು ಚುಕ್ಕೆ, ಪಕ್ಕಕ್ಕೆ ಹತ್ತು ನಿಮಿಷ.
ಚಹಾ ಬರುವಷ್ಟರಲ್ಲಿ ಹನ್ನೊಂದು ಚುಕ್ಕೆ.
ಮೈಸೂರಿಗೆ ಎರಡು ಗಂಟೆ ಐವತ್ತೈದು.
ಹಿಂದಿನ ಸಾಲಿನಲ್ಲಿ ಯಾರೋ ಲೆಕ್ಕ ಹಾಕಿ ನಕ್ಕರು:
ಕೆಂಪು ಬಸ್ಸಿಗಿಂತ ಹತ್ತು ನಿಮಿಷ ಹಿಂದೆ.

ದೇಚಮ್ಮನಿಗೆ ನಗು ಬರಲಿಲ್ಲ.
ಆಂಥೂರಿಯಂ ಬೆಳೆದು ದುಬೈಗೆ ಕಳಿಸುವವಳು.
"ನಿಮಗೆ ತಮಾಷೆ. ಹೂವಿಗೆ
ಎರಡು ಗಂಟೆ ಎಂದರೆ ಎರಡು ದಿನ.
ಕಳೆದ ಮಳೆಗಾಲ ಘಾಟಿ ಮುಚ್ಚಿದಾಗ
ಅರವತ್ತು ಪೆಟ್ಟಿಗೆ ಹಂದಿಗೆ ಹಾಕಿದೆ.
ಹಂದಿಯೂ ತಿನ್ನಲಿಲ್ಲ."
ಇದನ್ನು ಬರೆಯಲೋ ಬೇಡವೋ ಎಂದು
ಅಧ್ಯಕ್ಷರ ಮುಖ ನೋಡಿದೆ.
ಅವರು ಬಿಸ್ಕತ್ತು ನೋಡುತ್ತಿದ್ದರು.

ಕಾಡು ಕಾಯುವ ಕರ್ಪ ಬಾಗಿಲಲ್ಲೇ ನಿಂತು ಕೇಳಿದ:
"ಆನೆ ದಾಟುವಲ್ಲಿ?"
"ಕೆಳಗೆ ಸುರಂಗ ಕೊಡುತ್ತೇವೆ. ಬೋರ್ಡೂ ಹಾಕುತ್ತೇವೆ."
"ಬೋರ್ಡು ಓದಲಿಕ್ಕೆ ಅದಕ್ಕೆ ಯಾರು ಕಲಿಸುವುದು, ನಾನೋ?"

ಕೊನೆಗೆ ಟ್ಯಾಕ್ಸಿಯ ಹಂಸಕುಟ್ಟಿ.
ಹದಿನೆಂಟು ವರ್ಷದಿಂದ ಅದೇ ಘಾಟಿ;
ಯಾವ ತಿರುವಿಗೆ ಯಾರು ವಾಂತಿ ಮಾಡುತ್ತಾರೆಂದು
ಮುಖ ನೋಡಿಯೇ ಹೇಳಬಲ್ಲ.
ಹೊಟ್ಟೆಪಾಡಿಗೆ ಅಡ್ಡ ಮಾತಾಡುತ್ತಾನೆಂದು
ಎಲ್ಲರೂ ತಯಾರಾಗಿದ್ದರು.

"ರಾತ್ರಿ ಕೊನೆಯ ರೈಲು ಎಷ್ಟಕ್ಕೆ?"
"ಒಂಬತ್ತೂವರೆ."
"ಗಲ್ಫಿನ ವಿಮಾನ ಇಳಿಯುವುದು ಎರಡೂ ಹತ್ತಕ್ಕೆ.
ಪೆಟ್ಟಿಗೆ ಬರುವುದೂ ಅದರಲ್ಲೇ."

ಯಾವ ಪೆಟ್ಟಿಗೆ ಎಂದು ದೇಚಮ್ಮ ಕೂಡ ಕೇಳಲಿಲ್ಲ.
ಫ್ಯಾನು ಒಂದೇ ಸಮ ಕಿರುಗುಟ್ಟುತ್ತಿತ್ತು.

"ಪೇಪರು ಮುಗಿದು ಹೊರಡುವಾಗ ನಾಲ್ಕಾಗುತ್ತದೆ.
ನಿಧಾನ ಬರುತ್ತೇನೆ. ಕುಲುಕಬಾರದಲ್ಲ.
ಪೆರುಂಬಾಡಿ ಕೆರೆಯ ಹತ್ತಿರ ಗಾಡಿ ನಿಲ್ಲಿಸುತ್ತೇನೆ.
ಪಕ್ಕದಲ್ಲಿ ಕೂತ ತಮ್ಮನೋ ಮಾವನೋ
ಅಲ್ಲಿ ಇಳಿದು ಮುಖ ತೊಳೆಯುತ್ತಾನೆ.
ಮನೆಗೆ ಹೋಗಿ ಏನು ಹೇಳಬೇಕೆಂದು ಯೋಚಿಸುತ್ತಾನೆ.
ಕೆಲವೊಮ್ಮೆ ಅರ್ಧ ಗಂಟೆ.
ನಿಲ್ಲಿಸು ಎಂದು ಯಾರೂ ಹೇಳುವುದಿಲ್ಲ.
ರೈಲು ಬರಲಿ, ನಾನು ಬೇಡ ಎನ್ನುವುದಿಲ್ಲ.
ಕೇಳಿದೆ ಅಷ್ಟೆ."
ಕೂತ.

ಎಂಜಿನಿಯರು ನಕಾಶೆಯ ಹತ್ತಿರ ಹೋಗಿ
ಪೆರುಂಬಾಡಿಯ ಮೇಲೆ ಒಂದು ಚುಕ್ಕೆ ಇಟ್ಟರು.
ಪಕ್ಕದಲ್ಲಿ ನಿಮಿಷ ಬರೆಯಲಿಲ್ಲ.

ಕರೆಂಟು ಹೋಯಿತು. ಸಭೆ ಮುಂದಕ್ಕೆ ಹೋಯಿತು.
ತೇವಕ್ಕೆ ಅಂಟು ಬಿಟ್ಟ ನಕಾಶೆ ಒಂದು ಮೂಲೆಯಿಂದ
ಮೆಲ್ಲಗೆ ಸುರುಳಿಯಾಗತೊಡಗಿತು;
ಮಟ್ಟನ್ನೂರು ಮಡಿಕೇರಿಗೆ ತಾಗುವಷ್ಟು ಹತ್ತಿರ ಬಂತು.

ನಾನು ಬರೆದದ್ದು:
ಸುದೀರ್ಘ ಚರ್ಚೆಯ ನಂತರ ಪರಿಶೀಲಿಸಲು ತೀರ್ಮಾನಿಸಲಾಯಿತು.
ಕೆಳಗೆ ಸಹಿ. ಸಹಿಯ ಕೆಳಗೆ ಸೀಲು.

ಹೊರಗೆ ಕತ್ತಲು ಇಳಿಯುತ್ತಿತ್ತು.
ಐದೂಮುಕ್ಕಾಲರ ಬಸ್ಸು ನಿಲ್ದಾಣ ಬಿಟ್ಟು
ಮಾಂಸದಂಗಡಿಯ ತಿರುವಿಗೆ ಬಂದಿತ್ತು.
ಫೈಲು ಎತ್ತಿ ಕೈ ಬೀಸಿದೆ.
ನಿಂತಿತು.
ಹತ್ತುವಾಗ ಕಂಡಕ್ಟರು ಬೈದ:
"ಇದೇನು ನಿಮ್ಮ ಸ್ಟಾಪಾ?"